ಕಿಟಕಿಯ ಕೆಳಗಿನ ಬಿಳಿ ಜಾಗ

ಇದನ್ನು ನಂಬಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆ ಕೋಣೆಯ ಕೀಲಿ ಇಡೀ ದಿನ ನನ್ನ ಸೊಂಟದಲ್ಲೇ ಇತ್ತು.

ಕೊಪ್ಪಳದ ಹತ್ತಿರ ನಮ್ಮೂರು. ಊರ ಮಗ್ಗುಲಿಗೆ ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಕರಿಪುಡಿ ಬೀಳದ ದಿನವಿಲ್ಲ. ಕಿಟಕಿ ಮುಚ್ಚಿಕೊಂಡೇ ಬದುಕುತ್ತೇವೆ. ನಮ್ಮತ್ತೆ ಪಕೀರಮ್ಮ ನಾಲ್ಕು ವರ್ಷ ಕೆಮ್ಮಿ ಕೆಮ್ಮಿ, ಕಳೆದ ಫೆಬ್ರವರಿಯಲ್ಲಿ ತೀರಿಕೊಂಡರು.

ನಮ್ಮಲ್ಲಿ ಮೂರನೆಯ ದಿನ, ಪ್ರಾಣ ಹೋದ ಕೋಣೆಯಲ್ಲಿ ಜೋಳದ ಹಿಟ್ಟು ಹರಡಿ ಬಾಗಿಲು ಹಾಕುತ್ತಾರೆ. ಸತ್ತವರು ಬಂದರೆ ಹೆಜ್ಜೆ ಮೂಡುತ್ತದಂತೆ. ಅವತ್ತು ಬೆಳಿಗ್ಗೆ ನಾನೇ ಹಿಟ್ಟು ಹರಡಿ ಕೀಲಿ ಹಾಕಿದೆ. ಗಡಿಬಿಡಿಯಲ್ಲಿ ಕಿಟಕಿ ಮುಚ್ಚುವುದನ್ನೇ ಮರೆತೆ.

ಮಧ್ಯಾಹ್ನ ಮಾವ ಮುದುಕಪ್ಪನವರ ಜೊತೆ ಬಾಗಿಲು ತೆರೆದೆ. ಹೊರಗೆ ಸುಡುಬಿಸಿಲು, ಒಳಗೆ ನೆಲ ತಣ್ಣಗೆ ಕೊರೆಯುತ್ತಿತ್ತು. ಹಿಟ್ಟೆಲ್ಲ ಕರ್ರಗಾಗಿತ್ತು. ಕಿಟಕಿಯ ಕೆಳಗೆ ಮಾತ್ರ ಎರಡು ಜೊತೆ ಪಾದಗಳಷ್ಟು ಜಾಗ ಬೆಳ್ಳಗೆ ಉಳಿದಿತ್ತು, ಪುಡಿ ಬೀಳುವಷ್ಟು ಹೊತ್ತೂ ಯಾರೋ ಅಲ್ಲಿ ನಿಂತಿದ್ದಂತೆ. ನಡೆದುಬಂದ ಹೆಜ್ಜೆ ಎಲ್ಲೂ ಇರಲಿಲ್ಲ.

"ದೊಡ್ಡವು ಅಕಿವೇ. ಎಡಗಾಲ ಹೆಬ್ಬೆರಳು ನೋಡವ್ವ, ಸೊಟ್ಟ ಐತಿ" ಎಂದರು ಮಾವ.

"ಸಣ್ಣವು ಯಾರವು ರೀ ಮಾವ?"

ಅವರು ಹೋಗಿ ಕಿಟಕಿ ಮುಚ್ಚಿದರು.

ನಾನು ಹಿಟ್ಟು ಹರಡುವ ಮೊದಲೇ ಮನೆ ಬಿಟ್ಟಿದ್ದ ನನ್ನ ಮಗಳು ಅನುಷಾ ಸಂಜೆ ಪರೀಕ್ಷೆ ಮುಗಿಸಿಕೊಂಡು ಕೊಪ್ಪಳದ ಬಸ್ಸಿನಿಂದ ಇಳಿದು ಬಂದಳು. ಕೆಮ್ಮುತ್ತಲೇ ಕಟ್ಟೆಯ ಮೇಲೆ ಕೂತು ಬೂಟು, ಕಾಲುಚೀಲ ಬಿಚ್ಚಿದಳು. ಪಾದದ ಮೇಲೆಲ್ಲ ಕರಿಪುಡಿ ಕೂತಿತ್ತು. ಅಂಗಾಲಿಗೆ ಜೋಳದ ಹಿಟ್ಟು ಮೆತ್ತಿತ್ತು.