ಕತ್ತರಿಸಿ ಹಾಕಿದ ಇಪ್ಪತ್ತೆರಡು ಸೆಕೆಂಡು

ಭಾನುವಾರದ ಮ್ಯಾಟಿನಿ, ಚಿತ್ರದುರ್ಗದ ಥಿಯೇಟರು ಹೌಸ್‌ಫುಲ್. ‘ಏಳು ಕಾವಲು’ ಕ್ಲೈಮ್ಯಾಕ್ಸಿಗೆ ಬಂದಿತ್ತು. ಏಳು ಸೂಪರ್‌ಹೀರೋಗಳಲ್ಲಿ ಆರು ಜನ ಊರವರನ್ನೆಲ್ಲ ಕರೆದುಕೊಂಡು ಸುರಂಗ ದಾಟುತ್ತಿದ್ದರು. ಏಳನೆಯವನು, ವಯಸ್ಸಾದ ಗುರಾಣಿಯವನು, ಬಾಗಿಲು ಹಿಡಿದು ಒಬ್ಬನೇ ಹಿಂದೆ ನಿಂತಿದ್ದ. ಅವನ ಬೆನ್ನ ಹಿಂದೆ ಕತ್ತಲಲ್ಲಿ ಎರಡು ಕಣ್ಣು ಹೊಳೆದವು. ಪಾಪ್‌ಕಾರ್ನ್ ತಿನ್ನುತ್ತಿದ್ದವರ ಕೈ ಕೂಡ ನಿಂತುಹೋಯಿತು.

ಆಗ ಹಿಂದಿನ ಸಾಲಿನಿಂದ ಒಬ್ಬ ದಡಕ್ಕನೆ ಎದ್ದ.

“ಹೋಯ್! ಹಿಂದೈತೆ, ಹಿಂದೆ!”

ಕೂಗಿದ್ದಷ್ಟೇ ಅಲ್ಲ, ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಬೇರೆ ಹಾಕಿದ. ಅಭಿಮಾನಿಗಳು ಹಾಕುವ ಸಿಳ್ಳೆ ಅದಲ್ಲ. ಅದರಲ್ಲಿ ನಿಜವಾದ ಭಯವಿತ್ತು. ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ನೇತ್ರಾವತಿ.

ನೇತ್ರಾಗೆ ವಾರವೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಭಾನುವಾರ ಬಂದರೆ ಥಿಯೇಟರ್ ಗೇಟಿನ ಮುಂದೆ ಮೈಕು ಹಿಡಿದು ನಿಂತು “ಸಿನಿಮಾ ಹೆಂಗಿತ್ತು?” ಅಂತ ಕೇಳಿ, ಜನರ ಉತ್ತರವನ್ನು ತನ್ನ ಚಾನೆಲ್‌ಗೆ ಹಾಕುತ್ತಾಳೆ. ಅವತ್ತು ಒಬ್ಬ “ಇಂಟರ್ವಲ್ ಸೀನು ಬೆಂಕಿ” ಅಂದ. ಇನ್ನೊಬ್ಬ “ಇನ್ನೂ ಮೂರು ಸಲ ನೋಡ್ತೀನಿ” ಅಂತ ಅಂಗಿಯ ಗುಂಡಿ ಬಿಚ್ಚಿ ಕುಣಿದ. ಅವರ ನಡುವೆ ತಲೆ ತಗ್ಗಿಸಿಕೊಂಡು ಮೆಲ್ಲಗೆ ಜಾರಿಕೊಳ್ಳುತ್ತಿದ್ದವನನ್ನು ಅವಳು ಬಿಡಲಿಲ್ಲ.

“ರೀ, ಕೂಗಿದ್ದು ನೀವೇ ತಾನೆ?”

“ಅಲ್ಲ ಮೇಡಂ.”

“ಮತ್ತೆ ಕಿವಿ ಯಾಕೆ ಕೆಂಪಗಾಗೈತೆ?”

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕಾಗ ಮೊದಲು ಎಡಗಣ್ಣು ಸಣ್ಣದಾಯಿತು, ಆಮೇಲೆ ಬಾಯಿ ಅರಳಿತು. ಇಷ್ಟನ್ನೆಲ್ಲ ಗಮನಿಸುವುದು ತನ್ನ ಕೆಲಸವಲ್ಲ ಅಂತ ನೇತ್ರಾಗೆ ಗೊತ್ತಿತ್ತು. ಆದರೂ ಗಮನಿಸಿದಳು.

“ನಮ್ದು ಕುರಿ ಸಾಕೋ ಮನೆ, ಧರ್ಮಪುರದ ಹತ್ರ. ಹೆಸರು ಯೋಗೇಶ್. ತೋಳ ಕಂಡ್ರೆ ಹಂಗೇ ಕೂಗಿ ಅಭ್ಯಾಸ. ಸಿನಿಮಾ ಅಂತ ಗೊತ್ತಿತ್ತು, ಬಾಯಿಗೆ ಗೊತ್ತಿರ್ಲಿಲ್ಲ.”

“ಏಳು ಜನರಲ್ಲಿ ಯಾರು ಇಷ್ಟ ಆದ್ರು?”

“ಬಾಗ್ಲು ಹಿಡ್ಕಂಡು ನಿಂತನಲ್ಲ, ಆ ಮುದುಕ.” ಯೋಗೇಶ್ ನಗು ನಿಲ್ಲಿಸಿದ. “ಮಂದೆ ಹೊರಟಾಗ ಮುಂದಿನೋನು ಎಲ್ರಿಗೂ ಕಾಣ್ತಾನೆ. ಕುಂಟೋ ಮರೀನ ಎತ್ಕಂಡು ಕೊನೇಲಿ ಬರೋರು ಒಬ್ರು ಇರ್ತಾರೆ. ನಮ್ಮನೇಲಿ ಅದು ನಮ್ಮವ್ವ. ಮೂವತ್ತು ವರ್ಷ ಆತು. ಒಂದ್ಸಲಾನೂ ಯಾರೂ ತಿರುಗಿ ನೋಡಿ ‘ನಿನ್ನಿಂದ ಆತು’ ಅಂದಿಲ್ಲ. ನಾನೂ ಅಂದಿಲ್ಲ. ಇವತ್ತು ಅಂತೀನಿ, ಬರ್ಕಳ್ರಿ. ಅವ್ವನ ಹೆಸರು ಕೆಂಚಕ್ಕ.”

ಇಷ್ಟು ದಿನದಲ್ಲಿ ನೇತ್ರಾ ಎಷ್ಟು ಜನರನ್ನು ಮಾತಾಡಿಸಿದ್ದಳೋ, ಯಾರೊಬ್ಬರ ಮಾತೂ ಹೀಗೆ ಮನಸ್ಸಿಗೆ ತಾಗಿರಲಿಲ್ಲ. ವೀಡಿಯೋ ಕಳಿಸುತ್ತೇನೆ ಅನ್ನುವ ನೆಪದಲ್ಲಿ ಅವನ ನಂಬರ್ ತೆಗೆದುಕೊಂಡಳು.

ಇಷ್ಟೆಲ್ಲ ಆದಮೇಲೆ ಅವಳು ಮಾಡಿದ್ದೇನು ಗೊತ್ತೆ? ಮನೆಗೆ ಹೋಗಿ ಎಡಿಟ್‌ಗೆ ಕೂತಳು. ಮೂವತ್ತು ಸೆಕೆಂಡಿಗಿಂತ ಉದ್ದವಾದರೆ ಜನ ನೋಡುವುದಿಲ್ಲ ಅನ್ನುವುದು ಅವಳ ಲೆಕ್ಕ. ಕೂಗಿದ್ದು, ತೋಳ, ಕೆಂಪು ಕಿವಿ ಉಳಿದವು. ಅವ್ವನ ಮಾತಿನ ಇಪ್ಪತ್ತೆರಡು ಸೆಕೆಂಡು ಹೋಯಿತು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಮಹಾತಾಯಿಗೆ!

ಮೂರು ದಿನಕ್ಕೆ ಎರಡು ಲಕ್ಷ ಜನ ನೋಡಿದರು. ಅವಳು ಅಂಗಡಿಯಲ್ಲೇ ಕುಣಿದಳು. ನಾಲ್ಕನೆಯ ದಿನ ಯೋಗೇಶನ ಮೆಸೇಜು ಬಂತು.

“ಮೇಡಂ, ನನ್ನ ನೋಡಿ ನಗ್ಲಿ, ಪರವಾಗಿಲ್ಲ. ‘ವೀಡಿಯೋದಲ್ಲಿ ನಿನ್ನ ಬಗ್ಗೆ ಹೇಳಿದೀನಿ’ ಅಂತ ಅವ್ವಂಗೆ ಅಂದಿದ್ದೆ. ಓಣಿಯವರೆಲ್ಲ ಸೇರಿ ಮೊಬೈಲಲ್ಲಿ ನೋಡಿದ್ರು. ಮುಗಿದ ಮೇಲೂ ಅವ್ವ ಮೊಬೈಲ್ ಕೆಳಗಿಡಲಿಲ್ಲ. ಇನ್ನೂ ಬರ್ತೈತೇನೋ ಅಂತ ಕಾಯ್ತಾ ಕುಂತಿದ್ಲು.”

ನೇತ್ರಾ ಅದನ್ನು ಓದಿ ಜೆರಾಕ್ಸ್ ಮಿಷನ್ನಿನ ಹಿಂದೆ ಹೋಗಿ ಅತ್ತಳು. ಫೋನ್ ಮಾಡಿದಳು, ಅವನು ಎತ್ತಲಿಲ್ಲ. ‘ಸಾರಿ’ ಅಂತ ಟೈಪ್ ಮಾಡಿ ಅಳಿಸಿದಳು. ಇನ್ನು ಅವನು ತನ್ನ ಮುಖವನ್ನೇ ನೋಡದಿದ್ದರೆ? ಒಂದು ಸಲ ಕಂಡವನ ಮೇಲೆ ಇಷ್ಟು ಆಸೆ ಬೆಳೆದಿದೆ ಅಂತ ಅವಳಿಗೆ ತಿಳಿದದ್ದೇ ಆಗ.

ಮಾರನೆಯ ಬೆಳಿಗ್ಗೆ ಆ ವೀಡಿಯೋ ತೆಗೆದುಹಾಕಿ, ಪೂರ್ತಿಯದನ್ನು ಫೋನಿನಲ್ಲಿಟ್ಟುಕೊಂಡು, ಹಿರಿಯೂರಿಗೆ ಹೋಗಿ ಅಲ್ಲಿಂದ ಧರ್ಮಪುರದ ಬಸ್ಸು ಹತ್ತಿದಳು. ಧರ್ಮಪುರದ ಸ್ಟಾಪಿನಲ್ಲಿಳಿದು ಕುರಿ ಸಾಕುವ ಕೆಂಚಕ್ಕನ ಮನೆ ಕೇಳಿದರೆ, “ಓ, ತೋಳ ಓಡಿಸಿದ ಯೋಗೇಶನ ಮನೇನಾ?” ಅಂತ ನಗುತ್ತಾ ದಾರಿ ತೋರಿಸಿದರು. ಆ ನಗುವಿಗೆ ಕಾರಣ ತಾನೇ ಎಂದು ಅವಳ ತಲೆ ತಗ್ಗಿತು.

ಯೋಗೇಶ್ ಕುರಿಹಟ್ಟಿಯಲ್ಲಿ ಮರಿಯೊಂದಕ್ಕೆ ಔಷಧಿ ಕುಡಿಸುತ್ತಿದ್ದ. ಅವಳನ್ನು ಕಂಡು ಔಷಧಿಯನ್ನು ತನ್ನ ಕಾಲ ಮೇಲೇ ಸುರಿದುಕೊಂಡ. ಆದರೂ ಮುಖ ಬಿಗಿಯಾಗಿಯೇ ಇತ್ತು.

“ಬರ್ರಿ,” ಅಂದ. ಅಷ್ಟೇ.

“ನಿಮ್ಮ ಹತ್ರ ಆಮೇಲೆ ಬೈಸ್ಕೊಂತೀನಿ. ಮೊದಲು ಅಮ್ಮನ್ನ ನೋಡ್ಬೇಕು.”

ಕೆಂಚಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. “ಯಾರವ್ವ? ಬಾ, ಕುಂತ್ಕ. ಮಜ್ಜಿಗೆ ಕುಡೀತೀಯಾ?”

“ಅಮ್ಮ, ನಿಮ್ಮ ಮಗನ ಮಾತು ಅರ್ಧ ಕತ್ತರಿಸಿದೋಳು ನಾನೇ. ತಪ್ಪಾತು. ಉಳಿದದ್ದು ತಂದಿದೀನಿ.”

ಕಟ್ಟೆಯ ಮೇಲೆ ಪಕ್ಕಪಕ್ಕ ಕೂತು ನೋಡಿದರು. ಮಗನ ಬಾಯಲ್ಲಿ ತನ್ನ ಹೆಸರು ಬಂದಾಗ ಕೆಂಚಕ್ಕ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. “ಇನ್ನೊಂದ್ಸಲ ಹಾಕು” ಅಂದಳು. ಮತ್ತೆ ಇನ್ನೊಂದು ಸಲ. ಯೋಗೇಶ್ ಬಾಗಿಲ ಬಳಿ ನಿಂತು ಗೋಡೆಯ ಸುಣ್ಣ ಕೆರೆಯುತ್ತಿದ್ದ.

ಕೊನೆಗೆ ಕೆಂಚಕ್ಕ ಕೇಳಿದ್ದು ತನ್ನ ವಿಷಯವಲ್ಲ. “ಆ ಬಾಗ್ಲು ಹಿಡ್ಕಂಡೋನು ಸತ್ತನೇನೋ ಯೋಗೇಶ?”

“ಇಲ್ಲವ್ವ. ಆರೂ ಜನ ವಾಪಸ್ ಬಂದು ಕರ್ಕಂಡು ಹೋಗ್ತಾರೆ.”

“ಬಂದ್ರಾ?” ಮುಖದಲ್ಲಿ ನೆಮ್ಮದಿ ಮೂಡಿತು. “ಹಂಗಾರೆ ಒಳ್ಳೇ ಸಿನಿಮಾನೇ ಬಿಡು.” ಆಮೇಲೆ ನೇತ್ರಾಳ ಗಲ್ಲ ಹಿಡಿದಳು. “ಇಷ್ಟು ದೂರ ಬಂದು ಕೊಟ್ಟೆಯಲ್ಲ ತಾಯಿ, ಯಾರು ಬತ್ತಾರೆ? ಉಂಡೇ ಹೋಗ್ಬೇಕು.”

ನೇತ್ರಾಳ ಕಣ್ಣು ತುಂಬಿತು. ಬೈಸಿಕೊಳ್ಳಲು ಬಂದವಳಿಗೆ ಬಿಸಿ ಮುದ್ದೆ ಸಿಕ್ಕಿತು. ಆ ಊಟದ ಋಣ ಜನ್ಮದಲ್ಲಿ ತೀರದು ಅನ್ನಿಸಿತು.

ಮಧ್ಯಾಹ್ನ ಯೋಗೇಶ್ ಅವಳನ್ನು ಬಸ್‌ಸ್ಟಾಪಿನವರೆಗೆ ಕರೆದುಕೊಂಡು ಬಂದ. ಕಡಲೆಕಾಯಿ ಹೊಲದ ಪಕ್ಕದಲ್ಲಿ ಇಬ್ಬರೂ ನಡೆದರು. ಅವಳು ಅವನನ್ನು ನೋಡಿದಾಗ ಅವನು ಹೊಲ ನೋಡುತ್ತಿದ್ದ, ಅವನು ನೋಡಿದಾಗ ಇವಳು ಚಪ್ಪಲಿ ನೋಡುತ್ತಿದ್ದಳು.

“ಬೈಯ್ರಿ ಈಗ,” ಅಂದಳು ನೇತ್ರಾ.

“ನಾಲ್ಕು ದಿನದಿಂದ ಚೆನ್ನಾಗಿ ಬೈಬೇಕು ಅಂತ ಮಾತು ಜೋಡಿಸಿಟ್ಟಿದ್ದೆ. ನಿಮ್ಮ ಮುಖ ನೋಡಿದ ಮೇಲೆ ಒಂದೂ ನೆನಪಾಗ್ತಿಲ್ಲ.”

“ನನಗೆ ಎರಡು ಮಾತು ನೆನಪೈತೆ, ಹೇಳ್ಲಾ?” ಅವಳು ನಿಂತಳು. “ಒಂದು, ಥ್ಯಾಂಕ್ಸ್. ಅವತ್ತು ನೀವು ನನ್ನ ನಂಬಿ ಅಮ್ಮನ ಮಾತು ಹೇಳಿದ್ರಿ, ಇವತ್ತು ಅಮ್ಮ ನನ್ನ ಪಕ್ಕ ಕೂರಿಸ್ಕೊಂಡ್ರು. ಇನ್ನೊಂದು...” ಚಪ್ಪಲಿಯಿಂದ ಕಣ್ಣೆತ್ತಿ ಅವನನ್ನೇ ನೋಡಿದಳು. “ನನಗೆ ನೀವಂದ್ರೆ ಇಷ್ಟ. ಇದನ್ನು ಕತ್ತರಿಸಕ್ಕೆ ಆಗಲ್ಲ ಕಣ್ರಿ, ಮಾಡಿ ನೋಡಿದೀನಿ.”

ಯೋಗೇಶನ ಎಡಗಣ್ಣು ಸಣ್ಣದಾಯಿತು. ಬಾಯಿ ತೆರೆಯುವಷ್ಟರಲ್ಲಿ ಕೆಂಪು ಬಸ್ಸು ಹಾರ್ನ್ ಹೊಡೆಯುತ್ತಾ ಬಂದು ನಿಂತಿತು. ಉತ್ತರ ಸಿಗದೆಯೇ ನೇತ್ರಾ ಹತ್ತಿ ಕೂತಳು. ಕಿಟಕಿಯಿಂದ ನೋಡಿದರೆ ರಸ್ತೆಯಲ್ಲಿ ಅವನಿಲ್ಲ. ಮುಗಿಯಿತು ಅಂದುಕೊಂಡು ಕಣ್ಣು ಮುಚ್ಚಿದಳು.

ಯಾರೋ ಬಂದು ಪಕ್ಕದಲ್ಲಿ ಕೂತರು. ಕುರಿಮರಿಯ ಔಷಧಿಯ ವಾಸನೆ.

“ಆಧಾರ್ ತೋರ್ಸಮ್ಮ,” ಅಂದ ಕಂಡಕ್ಟರ್ ಜಯಕುಮಾರ್ ಅವಳಿಗೆ ಫ್ರೀ ಟಿಕೆಟ್ ಹರಿದುಕೊಟ್ಟು ಪಕ್ಕಕ್ಕೆ ತಿರುಗಿದ. “ನಿಂಗೆಲ್ಲಿಗೋ ಯೋಗೇಶ?”

“ಹಿರಿಯೂರಿಗೆ ಒಂದು ಕೊಡಣ್ಣ.”

“ಈ ಹೊತ್ತಿನಲ್ಲಿ ಹಿರಿಯೂರಲ್ಲಿ ಏನಪ್ಪ ಕೆಲಸ?”

“ಏನೂ ಇಲ್ಲಣ್ಣ,” ಅಂದ ಯೋಗೇಶ್, ನೇತ್ರಾಳನ್ನೇ ನೋಡುತ್ತಾ. “ಇವರನ್ನು ದುರ್ಗದ ಬಸ್ಸು ಹತ್ತಿಸಿ ವಾಪಸ್ ಬರೋದು. ಇನ್ಮೇಲೆ ದಿನಾ ಇದೇ ಕೆಲಸ ಕೊಟ್ರೂ ಮಾಡ್ತೀನಿ.”