ಬಿಡುವ ಉಸಿರು

ಹೆನ್ರಿಕೆ ಅವನನ್ನು ಮೊದಲು ಮುಟ್ಟಿದ್ದು ಭುಜದ ಮೇಲೆ. ಅದು ಅವಳ ಕೆಲಸ. ಯೇನಾ ಊರಿನ ಚಿಕಿತ್ಸಾಲಯದಲ್ಲಿ ಹದಿನೆಂಟು ವರ್ಷದಿಂದ ಅವಳು ರೋಗಿಗಳಿಗೆ ಉಸಿರಾಟ ಕಲಿಸುತ್ತಿದ್ದಳು.

"ಸಡಿಲ ಬಿಡಿ, ಡಾಕ್ಟರ್ ಹೋಲ್ಟ್."

"ಬಿಟ್ಟಿದೀನಲ್ಲ."

"ಇದು ಬಿಟ್ಟಿರೋದಾ? ಭುಜ ಕಿವಿಗೆ ಗುಟ್ಟು ಹೇಳ್ತಾ ಇದೆ."

ಆನ್ಸ್‌ಗರ್ ಹೋಲ್ಟ್ ಲೇಸರ್ ಪ್ರಯೋಗಾಲಯದ ಭೌತವಿಜ್ಞಾನಿ. ನ್ಯುಮೋನಿಯಾದಿಂದ ಎದ್ದು ಮೂರು ವಾರವಾಗಿತ್ತು. ಉಸಿರನ್ನು ಹೊರದಬ್ಬಲು ಹೋಗಿ ಪ್ರತಿಸಲವೂ ಸುಸ್ತಾಗುತ್ತಿದ್ದ.

"ದಬ್ಬಬೇಡಿ," ಎಂದಳು. "ಉಸಿರು ತಗೊಳ್ಳೋದಷ್ಟೇ ಕೆಲಸ. ಎದೆಗೂಡಿನ ಕೆಳಗಿನ ಸ್ನಾಯು, ವಪೆ, ಸಡಿಲಾದ್ರೆ ಶ್ವಾಸಕೋಶ ರಬ್ಬರಿನ ಹಾಗೆ ತಾನೇ ಕುಗ್ಗತ್ತೆ."

"ಸ್ನಾಯುನೂ ಹಾಗೇ, ಸುಮ್ನೆ ಬಿಟ್ಟುಬಿಡತ್ತಾ?"

"ಇಲ್ಲ. ಬಿಡೋಕೂ ಅದಕ್ಕೆ ಶಕ್ತಿ ಬೇಕು. ಬಿಗಿ ಮಾಡಿಸಿದ ಕ್ಯಾಲ್ಸಿಯಂನ ಸ್ನಾಯುವಿನೊಳಗಿನ ಉಗ್ರಾಣಕ್ಕೆ ವಾಪಸ್ ತುಂಬಬೇಕಲ್ಲ. ಹೆಣ ಸೆಟೆದುಕೊಳ್ಳೋದು ಆ ಶಕ್ತಿ ಇಲ್ಲದ್ದಕ್ಕೇ."

"ಬೆಳಿಗ್ಗೆ ಒಂಬತ್ತಕ್ಕೆ ಒಳ್ಳೇ ಮಾತು ಕೇಳಿಸಿದ್ರಿ," ಎಂದು ಅವನು ಓರೆಗಣ್ಣಿನಿಂದ ನೋಡಿದ. ಹೆನ್ರಿಕೆ ನಗು ನುಂಗಿ ಗಡಿಯಾರದತ್ತ ತಿರುಗಿದಳು.

ವಾರಕ್ಕೆರಡು ಸಲ ಬಂದ. ಐದನೆಯ ಸಲ, ಅವಳ ಅಂಗೈ ಅವನ ಪಕ್ಕೆಲುಬಿನ ಮೇಲಿದ್ದಾಗ, ಅವನ ಉಸಿರು ಇದ್ದಕ್ಕಿದ್ದಂತೆ ವೇಗ ಪಡೆಯಿತು.

"ನೋವಾಯ್ತಾ?"

"ಇಲ್ಲ," ಎಂದ. ಇಬ್ಬರೂ ಕಿಟಕಿಯ ಕಡೆ ನೋಡಿದರು. ಕೈ ತೆಗೆಯಬೇಕಾದ್ದಕ್ಕಿಂತ ತುಸು ತಡವಾಗಿ ಅವಳು ತೆಗೆದಳು.

ವಿಚ್ಛೇದನವಾಗಿ ಏಳು ವರ್ಷ ಕಳೆದಿತ್ತು. ಒಂಟಿತನ ಅವಳಿಗೆ ಅಭ್ಯಾಸವಾಗಿತ್ತು, ಅದನ್ನು ದುಃಖವೆಂದು ಕರೆಯುವುದನ್ನೂ ಬಿಟ್ಟಿದ್ದಳು. ಆ ಸಂಜೆ ಮಾತ್ರ ಅಡುಗೆಮನೆಯಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಮರುದಿನ ಅವನ ಫೈಲನ್ನು ಸಹೋದ್ಯೋಗಿ ಊಟೆಗೆ ಒಪ್ಪಿಸಿದಳು. ಕಾರಣ ಬರೆಯಲಿಲ್ಲ.

ಆನ್ಸ್‌ಗರ್ ಊಟೆಯ ಬಳಿ ಒಮ್ಮೆ ಬಂದ. ಆಮೇಲೆ ಬರುವುದನ್ನೇ ಬಿಟ್ಟ.

"ನಿನ್ನ ಮನುಷ್ಯ ಮುನಿಸ್ಕೊಂಡಿದಾನೆ," ಎಂದಳು ಊಟೆ. "ತಾನೇನು ತಪ್ಪು ಮಾಡಿದ್ನೋ ಅಂತ ನನ್ನ ಕೇಳಿದ. ನನಗೇನು ಗೊತ್ತು?"

"ನನ್ನ ಮನುಷ್ಯ ಅಲ್ಲ."

"ಸರಿ, ಅಲ್ಲ. ಆದ್ರೆ ವ್ಯಾಯಾಮ ನಿಲ್ಲಿಸಿದ್ರೆ ಎದೆ ಮತ್ತೆ ಕಟ್ಟತ್ತೆ."

ಹೆನ್ರಿಕೆ ಎರಡು ದಿನ ಯೋಚಿಸಿದಳು. ಶುಕ್ರವಾರ ಮಧ್ಯಾಹ್ನ ಟ್ರಾಮ್ ಹಿಡಿದು ಪ್ರಯೋಗಾಲಯಕ್ಕೆ ಹೋದಳು. ಮೇಜಿನ ಮೇಲೆ ಉಗುರಿನಷ್ಟು ದೊಡ್ಡ ಹರಳೊಂದು ಕೆಂಪಗೆ ಹೊಳೆಯುತ್ತಿತ್ತು. ಅವಳನ್ನು ಕಂಡು ಅವನು ಎದ್ದುನಿಂತ, ಕೈ ಚಾಚಲಿಲ್ಲ.

"ಇದೇನು?" ಎಂದು ಅವಳೇ ಕೇಳಿದಳು.

"ಎಲೆಕ್ಟ್ರಾನುಗಳು ಮೇಲಿನ ಮಟ್ಟದಿಂದ ಕೆಳಗೆ ಇಳೀತಿವೆ. ಇಳಿಯುವಾಗ ಹೆಚ್ಚಿನ ಶಕ್ತಿಯನ್ನ ಬೆಳಕು ಮಾಡಿ ಬಿಡ್ತವೆ."

"ಯಾವಾಗ ಇಳೀತವೆ?"

"ಗುಂಪಿಗೆ ಸರಾಸರಿ ಹೇಳಬಹುದು. ಒಂದೇ ಒಂದರ ಬಗ್ಗೆ ಕೇಳಿದ್ರೆ ಯಾರಿಗೂ ಗೊತ್ತಿಲ್ಲ." ಹರಳಿನ ಕಡೆ ಬೆರಳು ತೋರಿಸಿದ. "ಅದೇ ಬಣ್ಣದ ಬೆಳಕು ಪಕ್ಕದಲ್ಲಿ ಹಾದುಹೋದ್ರೆ ಬೇಗ ಇಳಿಯೋದೂ ಉಂಟು. ಅದನ್ನ ತಿಳ್ಕೊಳ್ಳೋಕೆ ಬಂದ್ರಾ?"

"ಇಲ್ಲ. ನೀವು ವ್ಯಾಯಾಮ ಬಿಟ್ಟಿದೀರ."

"ನೀವು ನನ್ನನ್ನ ಬಿಟ್ರಿ."

ಹೆನ್ರಿಕೆ ಕೋಟಿನ ಗುಂಡಿ ಬಿಚ್ಚಿದಳು, ಮತ್ತೆ ಹಾಕಿದಳು. ಆಸ್ಪತ್ರೆಯ ವರದಿ ಓದುವ ಧ್ವನಿಯಲ್ಲೇ ಹೇಳಿದಳು:

"ನನ್ನ ರೋಗಿ ಜೊತೆ ನಾನು ಕಾಫಿಗೆ ಹೋಗೋ ಹಾಗಿಲ್ಲ. ಅದು ನಿಯಮ. ಊಟೆಯ ರೋಗಿ ಜೊತೆ ಹೋಗಬಹುದು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗಲು ಹೋಗಿ ಕೆಮ್ಮಿದ, ಕೆಮ್ಮುತ್ತಲೇ ನಕ್ಕ.

"ಇದನ್ನ ಹತ್ತು ದಿನದ ಹಿಂದೆ ಹೇಳೋಕೆ ಏನಾಗಿತ್ತು?"

"ಭಯ ಆಗಿತ್ತು. ಈಗಲೂ ಇದೆ."

"ನನಗೂ ಇದೆ," ಎಂದ ಆನ್ಸ್‌ಗರ್. "ನೀನು ಅಂತ ಕರೀಬಹುದಾ?"

"ಕರಿ," ಎಂದಳು.

ಮೂಲೆಯ ಬೇಕರಿಯಲ್ಲಿ ಕೂರಲು ಜಾಗವಿರಲಿಲ್ಲ. ಅಂಗಡಿಯಾಕೆ ಪ್ಲಮ್ ಕೇಕಿನ ಎರಡು ತುಂಡು ಕತ್ತರಿಸಿ, ಕಾಗದ ಹಿಡಿದು ಇಬ್ಬರನ್ನೂ ನೋಡಿದಳು. ಅವನ ಮನೆ ನದಿಯಾಚೆ, ಅವಳದು ಗುಡ್ಡದ ಮೇಲೆ.

"ಒಂದೇ ಪೊಟ್ಟಣಾನಾ, ಬೇರೆ ಬೇರೆನಾ?"

"ಒಂದೇ," ಎಂದಳು ಹೆನ್ರಿಕೆ, ಅವನು ಬಾಯಿ ತೆರೆಯುವ ಮೊದಲೇ.