ಕೈಮರದ ಮುಂದೆ ನಿಂತ ರೈಲು

ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ದೇವರು ನೋಡುತ್ತಿದ್ದಾನೆ. ನಮ್ಮ ಮಗ ಫಕೀರಪ್ಪ ರೈಲು ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ. ಅವನು ಪರವೂರಿನಲ್ಲಿ ಜ್ವರದಿಂದ ತೀರಿಕೊಂಡ ಮೇಲೆ ನಾನು ತಗಡಿನ ಪುಟ್ಟ ರೈಲು ಮಾಡುವ ಹವ್ಯಾಸವನ್ನೇ ಬಿಟ್ಟಿದ್ದೆ. ಯುದ್ಧ ಶುರುವಾದ ವರ್ಷ ಕೈ ತಡೆಯಲಿಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ, ಹೊತ್ತೊಯ್ಯಬಹುದಾದ ಒಂದು ಟ್ರಂಕಿನೊಳಗೇ ಹಳಿ, ನಿಲ್ದಾಣ, ಸಿಗ್ನಲ್ಲಿನ ಕೈಮರ ಎಲ್ಲವನ್ನೂ ಕೂಡಿಸಿದೆ.

ಹೆಂಡತಿ ಉಡಚವ್ವ ನೋಡಿ ಸಿಟ್ಟಾದಳು. "ಮತ್ತ ಶುರು ಹಚ್ಚಿದ್ರೇನು? ಮಗನ್ನ ನೆನಪಿಸಿ ನನ್ನ ಹೊಟ್ಟಿ ಉರಸಬ್ಯಾಡ್ರಿ. ಸಂಜೀಕ ಇದನ್ನ ಗುಜರಿಗಿ ಹಾಕ್ತೇನಿ."

"ಒಮ್ಮಿ ಓಡೂದು ನೋಡು. ಆಮ್ಯಾಲ ಬೇಕಾದ್ರ ನನ್ನೂ ಗುಜರಿಗಿ ಹಾಕು," ಎಂದು ಕೀಲಿ ಕೊಟ್ಟೆ.

ರೈಲು ಕೈಮರದ ಮುಂದೆ ನಿಂತುಬಿಟ್ಟಿತು. ಕೀಲಿ ಬಿಗಿಯಾಗಿತ್ತು, ಹಳಿ ನುಣುಪಾಗಿತ್ತು. ಬೆರಳಿನಿಂದ ನೂಕಿದರೂ ಕದಲಲಿಲ್ಲ. ಮಟಮಟ ಮಧ್ಯಾಹ್ನ, ಪಡಸಾಲೆಯ ತುಂಬ ಒದ್ದೆ ಕಲ್ಲಿದ್ದಲಿನ ವಾಸನೆ ಹಬ್ಬಿತು.

ಉಡಚವ್ವ ಬಗ್ಗಿ ನೋಡಿದಳು. "ಕೈಮರ ಅಡ್ಡ ಐತಲ್ರಿ. ಅದನ್ನ ಇಳಸದ ಅಂವ ಹೆಂಗ ಬರ್ತಾನ?"

ಆ ಕೈಯನ್ನು ನಾನು ಬರೀ ಅಂದಕ್ಕೆಂದು ಅಡ್ಡವಾಗಿ ಬೆಸೆದಿದ್ದೆ. ಇಕ್ಕಳದಿಂದ ಬೆಸುಗೆ ಕಿತ್ತು ಕೆಳಗಿಳಿಸಿದೆ. ರೈಲು ತಾನಾಗಿ ಹೊರಟು ನಿಲ್ದಾಣಕ್ಕೆ ಬಂದು ನಿಂತಿತು.

"ಬಂದ್ಯಾ ಯಪ್ಪಾ?" ಎಂದು ಅವಳು ಎಂಜಿನ್ನನ್ನು ಸವರಿ, ಚಟ್ಟನೆ ಕೈ ಹಿಂದೆಗೆದಳು. ಆಮೇಲೆ ಮೆಲ್ಲಗೆ, "ಟ್ರಂಕು ಮನ್ಯಾಗ ಇರ್ಲಿ ಬಿಡ್ರಿ," ಎಂದಳು.

ಅವಳ ಬೆರಳ ಮೇಲೆ ಸುಟ್ಟ ಗುಳ್ಳೆ ಎದ್ದಿತ್ತು. ಅದು ಬರೀ ಸ್ಪ್ರಿಂಗಿನ ಎಂಜಿನ್ನು; ಒಳಗೆ ಬೆಂಕಿ ಇಡಲು ನಾನು ಜಾಗವನ್ನೇ ಮಾಡಿರಲಿಲ್ಲ.